ಹಿಂದಿನ ಸಾಲಿನ ಶ್ರೋತೃ

ಮೈಸೂರು ಟಿ. ಚೌಡಯ್ಯನವರ ಕಚೇರಿಯನ್ನು ಎದುರು ಕುಳಿತು ಕೇಳುವ ಭಾಗ್ಯ ನನಗೆ ಲಭಿಸಲಿಲ್ಲ. ಅವರು ಕಾಲವಾದುದು 1967ರಲ್ಲಿ. ನಾನು ಹುಟ್ಟಿದ್ದು ಆಮೇಲೆ. ಕೇಳಿದವರು ನಮ್ಮ ತಾತನವರು, ಅದೂ ಚಪ್ಪರದ ಕಟ್ಟಕಡೆಯಲ್ಲಿ ಕಂಬಕ್ಕೊರಗಿ ನಿಂತು. ಆ ರಾತ್ರಿಯ ಮಾತೆತ್ತಿದರೆ ಸಾಕು, ಅವರ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಪಿಟೀಲಿಗೆ ತಂತಿಗಳು ನಾಲ್ಕಷ್ಟೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಅದರ ನಾದ ದೂರದವರಿಗೆ ಮುಟ್ಟುತ್ತಿರಲಿಲ್ಲ. ಬಿಡಾರಂ ಕೃಷ್ಣಪ್ಪನವರ ಈ ಶಿಷ್ಯರು 1927ರಲ್ಲಿ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಅವನ್ನೆಲ್ಲ ಶ್ರುತಿಗೂಡಿಸುವ ಕಷ್ಟವನ್ನು ತಾವೇ ಊಹಿಸಬೇಕು. ಅಷ್ಟು ಶ್ರಮವೂ ಹಿಂದಿನ ಸಾಲಿನವನಿಗಾಗಿ!

ಅವರ ಧ್ವನಿಮುದ್ರಣಗಳನ್ನು ನಾನು ಪದೇ ಪದೇ ಕೇಳುವವನು. ಸುಖವೇನೋ ಉಂಟು; ಆದರೆ ಅಲ್ಲಿ ಹಿಂದಿನ ಸಾಲೇ ಇಲ್ಲ, ಎಲ್ಲರೂ ವಾದಕರ ಮಗ್ಗುಲಲ್ಲಿ ಕುಳಿತವರೇ. ಆ ನಾದ ದಾಟಿಬಂದ ದೂರ ಕೇಳಿಸುವುದೆಂತು? ಆದಕಾರಣ ನಾನು ಕಚೇರಿಗಳಲ್ಲಿ, ಮುಂದೆ ಜಾಗವಿದ್ದರೂ, ಹಿಂದೆಯೇ ಕುಳಿತುಕೊಳ್ಳುತ್ತೇನೆ. ಸ್ನೇಹಿತರು ನಗುತ್ತಾರೆ.

ಒಮ್ಮೆ ರಾಮೋತ್ಸವದ ಚಪ್ಪರವೊಂದರಲ್ಲಿ ವಿದ್ಯುತ್ತು ನಿಂತುಹೋಯಿತು. ಧ್ವನಿವರ್ಧಕದ ಅಬ್ಬರ ಅಡಗಿತು. ಕತ್ತಲಲ್ಲಿ ಪಿಟೀಲಿನ ದನಿ ಎಳೆಯಾಗಿ ನಮ್ಮವರೆಗೆ ಹರಿದುಬಂತು. ಜನ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದರು. ದೀಪಗಳು ಮರಳಿ ಹೊತ್ತಿಕೊಂಡಾಗ ನನಗೆ ಕೊಂಚ ಬೇಸರವೇ ಆಯಿತು.