ಮಾಯಾಲೋಕದಲ್ಲಿ ಸಿಕ್ಕಿಕೊಂಡ ಗೆಳೆಯನಿಗೆ



ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಎಂದಿಟ್ಟುಕೊಳ್ಳಿ. ಸಂಜೆ ಗಾಳಿ ಎದ್ದು ನಾಲ್ಕು ಹನಿ ಬಿದ್ದಿದೆ, ಕರೆಂಟು ಹೋಗಿ ಬಂದಿದೆ. ಪಕ್ಕದ ಮನೆಯ ಎಂಟನೆಯ ತರಗತಿಯ ಹುಡುಗ ಫೋನು ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬರುತ್ತಾನೆ. "ಅಣ್ಣಾ, ನನ್ನ ಮನುಷ್ಯ ಗೋಡೆಯೊಳಗೆ ಸಿಕ್ಕೊಂಡುಬಿಟ್ಟಿದ್ದಾನೆ. ಏನು ಒತ್ತಿದರೂ ಅಲ್ಲಾಡ್ತಾ ಇಲ್ಲ" ಎನ್ನುತ್ತಾನೆ. ನೀವು ಕಾಲೇಜಿಗೆ ಹೋಗುವವರು. ಆದ್ದರಿಂದ ನಿಮಗೆ ಎಲ್ಲವೂ ಗೊತ್ತಿರುತ್ತದೆ ಎಂಬುದು ಅವನ ನಂಬಿಕೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ತಾಲ್ಲೂಕಿನಲ್ಲಾದರೂ ಸರಿ, ಇಂಥ ಹುಡುಗರು ಕಂಪನಿಗೆ ಕಾಗದ ಬರೆಯುವುದಿಲ್ಲ, ನಿಮ್ಮ ಹತ್ತಿರ ಬರುತ್ತಾರೆ. ಆಗ ನೀವು ಏನು ಮಾಡಬೇಕು ಎಂಬುದೇ ಈ ಹೊತ್ತಿನ ಮಾತು.

"ನನ್ನ ಮನುಷ್ಯ" ಎಂದನಲ್ಲ, ಅವನಿಗೆ ಆ ಲೋಕದಲ್ಲಿ ಇರುವ ಹೆಸರು ಅವತಾರ. ಪದ ನಮ್ಮದೇ. 1986ರ ಸುಮಾರಿಗೆ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯವರು ಹ್ಯಾಬಿಟ್ಯಾಟ್ ಎಂಬ ಒಂದು ಊರನ್ನು ಗಣಕದೊಳಗೆ ಕಟ್ಟಿದರು. ದೂರದೂರದ ಜನ ದೂರವಾಣಿ ತಂತಿಯ ಮೂಲಕ ಅಲ್ಲಿ ಕೂಡುತ್ತಿದ್ದರು. ಪರದೆಯ ಮೇಲೆ ಆಡುವವನ ಪರವಾಗಿ ನಡೆದಾಡುವ ಗೊಂಬೆಗೆ ಅವರು ಅವತಾರ ಎಂದರು. ಮೇಲಿನ ಲೋಕದವನು ಕೆಳಗಿನ ಲೋಕದಲ್ಲಿ ಒಂದು ರೂಪ ತಾಳುವುದು ಎಂಬ ಅರ್ಥವನ್ನು ಅವರು ಸರಿಯಾಗಿಯೇ ಹಿಡಿದಿದ್ದರು. 2003ರಲ್ಲಿ ಸೆಕೆಂಡ್ ಲೈಫ್ ಎಂಬ ಇನ್ನೊಂದು ಲೋಕ ತೆರೆಯಿತು. ಹೊಸಬರು ಕಾಲಿಡುವುದಕ್ಕೆಂದೇ ಅಲ್ಲಿ ದ್ವೀಪಗಳಿದ್ದವು. ನಡೆಯುವುದು, ಬಟ್ಟೆ ತೊಡುವುದು, ಮಾತಾಡುವುದು ಹೇಗೆಂದು ಹೇಳಿಕೊಡಲು ಹಳಬರು ಸ್ವಯಂಸೇವಕರಾಗಿ ನಿಂತಿರುತ್ತಿದ್ದರು. ಇಂದಿನ ರೋಬ್ಲಾಕ್ಸ್, ಮೈನ್‌ಕ್ರಾಫ್ಟ್, ಫ್ರೀ ಫೈರ್ ಮ್ಯಾಕ್ಸ್‌ಗಳಲ್ಲಿ ಅಂಥ ದ್ವೀಪ ನಮ್ಮ ಹುಡುಗರಿಗೆ ಸಿಗುವುದು ಅಪರೂಪ. ಸಿಕ್ಕಿದರೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳೋ ಉರ್ದುವೋ ಆಡುವ ನಮ್ಮ ಜಿಲ್ಲೆಯ ಹುಡುಗನಿಗೆ ನೀವೇ ಆ ದ್ವೀಪ.

ಗೋಡೆಯೊಳಗೆ ಸಿಕ್ಕಿಕೊಂಡವನ ವಿಚಾರಕ್ಕೆ ಬರೋಣ. ಆ ಲೋಕ ಇರುವುದು ಎಲ್ಲಿ? ಫೋನಿನಲ್ಲಿ ಎಂದು ಹುಡುಗ ತಿಳಿದಿದ್ದಾನೆ. ಹಲವರು ಕೂಡಿ ಆಡುವ ಲೋಕಗಳಲ್ಲಿ ಅದು ಹಾಗಿಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬ ಲೆಕ್ಕವನ್ನೆಲ್ಲ ದೂರದ ಯಾವುದೋ ಊರಿನ ದೊಡ್ಡ ಗಣಕ ಇಟ್ಟುಕೊಂಡಿರುತ್ತದೆ. ಫೋನು ಆ ಲೆಕ್ಕವನ್ನು ತರಿಸಿಕೊಂಡು ಚಿತ್ರ ಬರೆಯುತ್ತದೆ, ಅಷ್ಟೆ. ಸೆಕೆಂಡಿಗೆ ಹಲವಾರು ಬಾರಿ ಈ ಓಲೆ ಹೋಗಿ ಬರುತ್ತಿರಬೇಕು. ಓಲೆ ತಡವಾದರೆ ಫೋನು ಊಹೆಯ ಮೇಲೆ ಮನುಷ್ಯನನ್ನು ನಡೆಸುತ್ತದೆ; ಆಮೇಲೆ ನಿಜವಾದ ಲೆಕ್ಕ ಬಂದಾಗ ಅವನನ್ನು ಹಿಂದಕ್ಕೆ ಎಳೆದು ತರುತ್ತದೆ. ಹುಡುಗರು ಲ್ಯಾಗ್ ಎನ್ನುವುದು ಇದಕ್ಕೇ.

ಗಾಜಿನ ನೂಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಆ ಗಣಕ 1,000 ಕಿ.ಮೀ. ದೂರದಲ್ಲಿದ್ದರೆ ಹೋಗಿ ಬರಲು ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದರೆ, ಅಂದರೆ ಸುಮಾರು 14,000 ಕಿ.ಮೀ. ದೂರದಲ್ಲಿದ್ದರೆ, ಬೆಳಕಿನ ಓಟಕ್ಕೇ ಅದರ ಹದಿನಾಲ್ಕು ಪಟ್ಟು ಹೊತ್ತು ಬೇಕು. ದಾರಿಯ ಸುತ್ತುಬಳಸು, ಗೋಪುರಗಳ ಕಾಯಿಸುವಿಕೆ ಇದರ ಮೇಲೆ. ಆಟದ ಮೂಲೆಯಲ್ಲಿ ಪಿಂಗ್ ಎಂದು ತೋರಿಸುವ ಅಂಕಿ ಈ ಹೋಗಿ ಬರುವ ಕಾಲವೇ, ಸೆಕೆಂಡಿನ ಸಾವಿರದ ಭಾಗಗಳಲ್ಲಿ. ಹುಡುಗನಿಗೆ ಆ ಅಂಕಿಯನ್ನು ಓದಲು ಕಲಿಸಿಬಿಟ್ಟರೆ ಅರ್ಧ ಸಹಾಯ ಆದಂತೆ. ಅಷ್ಟು ದೂರವೇ ಎಂದು ಅವನು ಬೆರಗಾದರೆ, ನಮ್ಮ ಚಿನ್ನದ ಗಣಿಗೆ 1902ರಲ್ಲಿಯೇ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ವಿದ್ಯುತ್ತು ತಂದಿದ್ದರು ಎಂದು ಹೇಳಿ. ದೂರದ ಯಂತ್ರ ನಂಬಿ ಬದುಕುವುದು ನಮ್ಮ ಸೀಮೆಗೆ ಹೊಸದಲ್ಲ.

ಆದ್ದರಿಂದ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ. ಕೆಟ್ಟಿರುವುದು ಎಲ್ಲಿ? ಫೋನಿನಲ್ಲೋ, ದಾರಿಯಲ್ಲೋ, ಆ ಕಡೆಯ ಗಣಕದಲ್ಲೋ? ಪತ್ತೆ ಮಾಡುವುದು ಕಷ್ಟವಲ್ಲ. ಬೇರೆ ಯಾವುದಾದರೂ ತಾಣ ತೆರೆಯುತ್ತದೆಯೇ ನೋಡಿ. ನಿಮ್ಮ ಫೋನಿನಲ್ಲಿ ಅದೇ ಆಟ ನಡೆಯುತ್ತದೆಯೇ ನೋಡಿ. ಮಹಡಿಗೆ ಹತ್ತಿ ನೋಡಿ. ಮುಳಬಾಗಿಲಿನಿಂದ ನಂಗಲಿಯ ಕಡೆ ಹೋದವರಿಗೆ ಗೊತ್ತು, ಗಡಿಯಲ್ಲಿ ಫೋನು ಒಮ್ಮೆ ಇತ್ತಲಿನ ಗೋಪುರವನ್ನೂ ಒಮ್ಮೆ ಅತ್ತಲಿನದನ್ನೂ ಹಿಡಿದು ತೂಗಾಡುವುದುಂಟು. ಅಂಥಲ್ಲಿ ಆಟವನ್ನು ದೂರಿ ಫಲವಿಲ್ಲ.

ಕೆಲವು ಸಲ ಎಲ್ಲರ ಆಟವೂ ನಿಂತಿರುತ್ತದೆ. 2021ರ ಅಕ್ಟೋಬರ್ 28ರಿಂದ 31ರವರೆಗೆ ರೋಬ್ಲಾಕ್ಸ್ ಲೋಕವೇ 73 ಗಂಟೆ ಮುಚ್ಚಿಕೊಂಡಿತ್ತು. ಆಗ ಅಲ್ಲಿಗೆ ದಿನಕ್ಕೆ ಸುಮಾರು 5 ಕೋಟಿ ಜನ ಬರುತ್ತಿದ್ದರು. ಕಂಪನಿಯ ಒಳಗಿನ ಗಣಕಗಳು ಒಂದನ್ನೊಂದು ಹುಡುಕಿಕೊಳ್ಳುವ ವ್ಯವಸ್ಥೆಯೇ ಕುಸಿದುಬಿದ್ದಿತ್ತು. ಆ ಮೂರು ದಿನ ಯಾರು ಎಷ್ಟು ಬಾರಿ ಫೋನು ಆರಿಸಿ ಹೊತ್ತಿಸಿದರೂ ಏನೂ ಆಗುತ್ತಿರಲಿಲ್ಲ. "ಇದು ನಿನ್ನ ತಪ್ಪಲ್ಲ, ಕಾಯಬೇಕು" ಎಂದು ಹೇಳುವುದೂ ಸಹಾಯವೇ. ಹಾಗೆ ಹೇಳುವವರು ಕಡಿಮೆ. ಏಕೆಂದರೆ ಕೇಳಲು ಬಂದವನ ಮುಂದೆ ಏನಾದರೂ ಒತ್ತಿ ತೋರಿಸಬೇಕೆಂಬ ಆಸೆ ನಮಗೆಲ್ಲ ಇದೆ.

ಆ ಆಸೆಯಿಂದ ನಾನು ಮಾಡಿದ ಒಂದು ಅನಾಹುತವನ್ನು ಹೇಳಿಬಿಡುತ್ತೇನೆ.

ಮಾಲೂರಿನ ಕಡೆಯ ಒಂದು ಹಳ್ಳಿಯ ಹುಡುಗ. ನನ್ನ ವಿದ್ಯಾರ್ಥಿಯ ತಮ್ಮ. ಅವನು ಮೈನ್‌ಕ್ರಾಫ್ಟಿನಲ್ಲಿ ತನ್ನ ಅಜ್ಜಿಯ ಮನೆಯನ್ನು ಕಟ್ಟಿದ್ದ. ಆ ಲೋಕದಲ್ಲಿ ಎಲ್ಲವೂ ಚೌಕ ಇಟ್ಟಿಗೆಗಳದು, ಒಂದು ಇಟ್ಟಿಗೆ ಒಂದು ಮೀಟರಿನ ಲೆಕ್ಕ. ಅವನು ನಿಜವಾದ ಮನೆಯನ್ನು ಹೆಜ್ಜೆಯಲ್ಲಿ ಅಳೆದು, ನೋಟುಪುಸ್ತಕದಲ್ಲಿ ಬರೆದುಕೊಂಡು, ಪಡಸಾಲೆ, ತುಳಸಿಕಟ್ಟೆ, ದನದ ಕೊಟ್ಟಿಗೆ, ಹಿತ್ತಲಿನ ಬಾವಿ, ಅದರಾಚೆಗೆ ಕೆರೆಯ ಏರಿ ಎಲ್ಲವನ್ನೂ ಏಳೆಂಟು ತಿಂಗಳು ಕೂತು ಕಟ್ಟಿದ್ದ. ಹೆಂಚಿನ ಬಣ್ಣಕ್ಕೆ ಸರಿಹೊಂದುವ ಇಟ್ಟಿಗೆ ಯಾವುದೆಂದು ಹುಡುಕಲು ಒಂದು ವಾರ ಹಿಡಿಯಿತಂತೆ. ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರಿನ ಹುಡುಗ, ಬಿಡುವವನಲ್ಲ. ಆಟ ತೆರೆಯುವಾಗ ಅರ್ಧಕ್ಕೇ ನಿಂತುಬಿಡುತ್ತಿದೆ ಎಂದು ಫೋನನ್ನು ನನ್ನ ಕೈಗೆ ಕೊಟ್ಟ. ನಾನು ಏನನ್ನೂ ಕೇಳಲಿಲ್ಲ. ಆಟವನ್ನು ಅಳಿಸಿ ಮತ್ತೆ ಹಾಕಿದೆ. ಎರಡು ನಿಮಿಷದ ಕೆಲಸ. ಆಟ ಚೆನ್ನಾಗಿ ತೆರೆದುಕೊಂಡಿತು. ಪಟ್ಟಿಯಲ್ಲಿ ಒಂದು ಲೋಕವೂ ಇರಲಿಲ್ಲ.

ಮೈನ್‌ಕ್ರಾಫ್ಟಿನಲ್ಲಿ ಒಬ್ಬನೇ ಕಟ್ಟಿಕೊಂಡ ಲೋಕ ಸಾಮಾನ್ಯವಾಗಿ ದೂರದ ಗಣಕದಲ್ಲಿ ಇರುವುದಿಲ್ಲ. ಅದು ಫೋನಿನಲ್ಲೇ, ಆ ಆಟದ ಪೆಟ್ಟಿಗೆಯೊಳಗೇ ಇರುತ್ತದೆ. ಆಟವನ್ನು ಅಳಿಸಿದರೆ ಪೆಟ್ಟಿಗೆಯೂ ಹೋಗುತ್ತದೆ. ನನಗೆ ಆಗ ಅದು ಗೊತ್ತಿರಲಿಲ್ಲ. ಹುಡುಗ ಅಳಲಿಲ್ಲ, "ಪರವಾಗಿಲ್ಲ ಸಾರ್, ಮತ್ತೆ ಅಳೆದುಕೊಂಡು ಬರ್ತೀನಿ" ಎಂದ. ಅಷ್ಟು ಹೊತ್ತಿಗೆ ಆ ಹಳೆಯ ಮನೆಯನ್ನು ಬೀಳಿಸಿ ತಾರಸಿ ಮನೆಗೆ ತಳಪಾಯ ತೋಡಿಯಾಗಿತ್ತು ಎಂದು ಅವನ ಅಕ್ಕ ಆಮೇಲೆ ಹೇಳಿದಳು. ನೋಟುಪುಸ್ತಕ ಮಾತ್ರ ಉಳಿದಿತ್ತು.

ಅಂದಿನಿಂದ ಯಾರ ಫೋನು ಕೈಗೆ ಬಂದರೂ, "ಇದರಲ್ಲಿ ಕಳೆದುಹೋದರೆ ಮತ್ತೆ ಸಿಗದ್ದು ಏನಿದೆ?" ಎಂದು ಮೊದಲು ಕೇಳುತ್ತೇನೆ. ನೀವೂ ಕೇಳಿ. ಮೈನ್‌ಕ್ರಾಫ್ಟ್ ಆದರೆ, ಆಟ ತೆರೆಯುವಂತಿದ್ದಾಗಲೇ ಲೋಕದ ಸೆಟ್ಟಿಂಗ್‌ಗೆ ಹೋಗಿ ಎಕ್ಸ್‌ಪೋರ್ಟ್ ವರ್ಲ್ಡ್ ಎಂಬುದನ್ನು ಒತ್ತಿ ಒಂದು ಪ್ರತಿ ತೆಗೆದಿಡಬೇಕು. ಬೇರೆ ಆಟವಾದರೆ ಅವನು ಹೆಸರು ನೋಂದಾಯಿಸಿಕೊಂಡು ಆಡುತ್ತಿದ್ದಾನೋ, ಗೆಸ್ಟ್ ಎಂದು ಅತಿಥಿಯಾಗಿ ಆಡುತ್ತಿದ್ದಾನೋ ನೋಡಬೇಕು. ಅತಿಥಿಯಾದವನ ಗುರುತು ಆ ಒಂದು ಫೋನಿಗೆ ಮಾತ್ರ ಅಂಟಿಕೊಂಡಿರುತ್ತದೆ. ಫೋನು ಬದಲಾದರೆ ಎರಡು ವರ್ಷದ ಸಂಪಾದನೆ ಹೋಯಿತು. ಇನ್ನೊಂದು ಸೂಕ್ಷ್ಮ. ಆಂಡ್ರಾಯ್ಡ್ ಫೋನಿನಲ್ಲಿ ಕ್ಲಿಯರ್ ಕ್ಯಾಶ್ ಎಂಬುದೂ ಕ್ಲಿಯರ್ ಡೇಟಾ ಎಂಬುದೂ ಅಕ್ಕಪಕ್ಕದಲ್ಲೇ ಇರುತ್ತವೆ. ಮೊದಲನೆಯದು ಅಂಗಳ ಗುಡಿಸಿದ ಹಾಗೆ, ಬಹಳಷ್ಟು ಸಲ ಅದರಿಂದಲೇ ಆಟ ಸರಿಯಾಗುತ್ತದೆ. ಎರಡನೆಯದು ಮನೆಯನ್ನೇ ಖಾಲಿ ಮಾಡಿದ ಹಾಗೆ. ಬೆರಳು ಒಂದಂಗುಲ ತಪ್ಪಿದರೆ ಸಾಕು.

ಫೋನು ಬಿಸಿಯಾಗಿ ಆಟ ನಿಧಾನವಾಗುವುದು, ಜಾಗ ತುಂಬಿ ಹೊಸ ಆವೃತ್ತಿ ಇಳಿಯದಿರುವುದು, ಗಡಿಯಾರ ತಪ್ಪಿದ್ದು ಒಳಗೆ ಬಿಡದಿರುವುದು, ಮೈಕು ಒತ್ತಿಹೋಗಿ ದನಿ ಕೇಳಿಸದಿರುವುದು ಇವೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಬಿಡಿ. ಆಟವೇ ಮಾಯವಾಗುವುದುಂಟು. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲನ್ನೂ 2022ರ ಫೆಬ್ರವರಿಯಲ್ಲಿ ಫ್ರೀ ಫೈರನ್ನೂ ನಿಷೇಧಿಸಿದಾಗ, ಎಲ್ಲಿಂದಲೋ ತಂದ ಕಡತವನ್ನು ಫೋನಿಗೆ ಹಾಕಿಕೊಡುವ ಅಣ್ಣಂದಿರು ಹುಟ್ಟಿಕೊಂಡರು. ಅಂಥ ಕಡತದೊಳಗೆ ಆಟದ ಜತೆಗೆ ಇನ್ನೇನಿದೆ ಎಂಬುದು ಹಾಕಿಕೊಟ್ಟವನಿಗೂ ತಿಳಿದಿರುವುದಿಲ್ಲ. ಆ ಸಹಾಯಕ್ಕೆ ಹೋಗಬೇಡಿ.

ಈಗ ಕಷ್ಟದ ಭಾಗ. ಹುಡುಗ ಬಂದು ಸುಮ್ಮನೆ ನಿಲ್ಲುತ್ತಾನೆ. "ಅಣ್ಣಾ, ನನ್ನ ಅಕೌಂಟ್ ತೆರೀತಾ ಇಲ್ಲ" ಎನ್ನುತ್ತಾನೆ, ಮುಂದಿನದನ್ನು ನುಂಗುತ್ತಾನೆ. ನುಂಗಿದ್ದು ಏನೆಂದರೆ, ಪುಕ್ಕಟೆ ಡೈಮಂಡ್ ಕೊಡುತ್ತೇವೆ, ಪುಕ್ಕಟೆ ರೋಬಕ್ಸ್ ಕೊಡುತ್ತೇವೆ ಎಂಬ ಒಂದು ಕೊಂಡಿಯನ್ನು ಅವನು ಒತ್ತಿದ್ದಾನೆ. ಅಲ್ಲಿ ಕಂಡ ಪುಟ ನಿಜವಾದ ಪುಟದಂತೆಯೇ ಇತ್ತು. ಅದರಲ್ಲಿ ತನ್ನ ಹೆಸರನ್ನೂ ಗುಪ್ತಪದವನ್ನೂ ಬರೆದಿದ್ದಾನೆ. ಫೋನು ಅಮ್ಮನದು. ಆ ಫೋನಿನಲ್ಲಿಯೇ ಡೈರಿಯ ಹಾಲಿನ ಬಟವಾಡೆಯ ಸಂದೇಶ ಬರುತ್ತದೆ, ಟೊಮೇಟೊ ಮಂಡಿಯ ದುಡ್ಡು ಬರುತ್ತದೆ. ಅವನ ಭಯ ಆಟದ್ದಲ್ಲ, ಅಪ್ಪನದು.

ಇಲ್ಲಿ ನೀವು ಬೈದರೆ ಮುಗಿಯಿತು, ಅವನು ಬಾಯಿ ಬಿಡುವುದಿಲ್ಲ. ಇಲ್ಲಿ ಹೊತ್ತೇ ಬೆಲೆಯುಳ್ಳದ್ದು. ಮೊದಲು ಕೇಳಿ: ದುಡ್ಡು ಹೋಗಿದೆಯೇ? ಓಟಿಪಿ ಹೇಳಿದೆಯಾ? ದುಡ್ಡು ಹೋಗಿದ್ದರೆ ಆಟದ ಮಾತು ಪಕ್ಕಕ್ಕಿಡಿ, ಮನೆಯ ಹಿರಿಯರನ್ನು ಕೂರಿಸಿಕೊಂಡು 1930 ಎಂಬ ಸಂಖ್ಯೆಗೆ ಕರೆ ಮಾಡಿಸಿ. ಇದು ದೇಶಕ್ಕೆಲ್ಲ ಒಂದೇ ಸಹಾಯವಾಣಿ. ಕಳ್ಳನ ಖಾತೆಯಿಂದ ದುಡ್ಡು ಮುಂದಕ್ಕೆ ಹೋಗುವ ಮೊದಲು ಅದನ್ನು ಬ್ಯಾಂಕಿನಲ್ಲಿಯೇ ತಡೆಯುವ ಏರ್ಪಾಡು ಅದರ ಹಿಂದಿದೆ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದವರಿಗೆ ಅವಕಾಶ ಹೆಚ್ಚು, ನಾಳೆ ನೋಡೋಣ ಎಂದವರಿಗೆ ಕಡಿಮೆ. ಹುಡುಗ ಎರಡು ದಿನ ಹೆದರಿ ಮುಚ್ಚಿಟ್ಟುಕೊಂಡರೆ ನಷ್ಟವಾಗುವುದು ಅಲ್ಲಿಯೇ. ಅಪ್ಪನ ಮುಂದೆ ಅವನ ಜತೆ ಹೋಗಿ ನಿಲ್ಲಿ. ಗಣಕದ ಜ್ಞಾನ ಇದಕ್ಕೆ ಬೇಕಾಗಿಲ್ಲ.

ದುಡ್ಡು ಹೋಗಿಲ್ಲವಾದರೆ, ಆ ಆಟದ ಖಾತೆಗೆ ಕೊಟ್ಟಿರುವ ಇ-ಮೇಲ್ ಇನ್ನೂ ಕೈಯಲ್ಲಿದೆಯೇ ನೋಡಿ. ಇದ್ದರೆ ಮೊದಲು ಅದರ ಗುಪ್ತಪದ ಬದಲಿಸಬೇಕು, ಆಮೇಲೆ ಆಟದ್ದು. ಬೇರೆ ಎಲ್ಲ ಸಾಧನಗಳಿಂದ ಹೊರಬರುವ ಗುಂಡಿ ಒತ್ತಬೇಕು. ಈ ಅನುಕ್ರಮ ತಪ್ಪಿದರೆ ಕಳ್ಳನು ಇ-ಮೇಲಿನ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತಾನೆ. ಇ-ಮೇಲೂ ಹೋಗಿದ್ದರೆ ಕಂಪನಿಗೆ ಬರೆಯಬೇಕು. ಖಾತೆ ಯಾವಾಗ ತೆರೆದದ್ದು, ಮೊದಲ ಹೆಸರೇನು, ಏನಾದರೂ ಕೊಂಡಿದ್ದರೆ ಅದರ ರಸೀತಿ ಇವನ್ನು ಜೋಡಿಸಿ, ಸರಳ ಇಂಗ್ಲಿಷಿನಲ್ಲಿ ಹತ್ತು ಸಾಲು. ಈ ಹತ್ತು ಸಾಲು ಬರೆಯಲು ಹುಡುಗನಿಗೆ ಬರುವುದಿಲ್ಲ, ನಿಮಗೆ ಬರುತ್ತದೆ.

ಅವನು ಗುಪ್ತಪದ ಟೈಪು ಮಾಡುವಾಗ ನೀವು ಮುಖ ಅತ್ತ ತಿರುಗಿಸಿ. "ನನಗೆ ಹೇಳು, ನಾನೇ ಹಾಕ್ತೀನಿ" ಎನ್ನಬೇಡಿ. ನಿಮ್ಮ ಮೇಲೆ ಅನುಮಾನವೆಂದಲ್ಲ. ಗುಪ್ತಪದವನ್ನು ಒಳ್ಳೆಯವರಿಗೆ ಹೇಳಬಹುದು ಎಂದು ಇಂದು ನಿಮ್ಮಿಂದ ಕಲಿತರೆ, ನಾಳೆ ಒಳ್ಳೆಯವನಂತೆ ಮಾತಾಡುವ ಇನ್ನೊಬ್ಬನಿಗೆ ಹೇಳುತ್ತಾನೆ. ಆ ಲೋಕದೊಳಗೆ ಸಹಾಯ ಮಾಡುತ್ತೇನೆಂದು ಬರುವ ಅಪರಿಚಿತರ ಮೊದಲ ಮಾತೇ ಅದು.

ಹುಡುಗಿಯರು ಕೇಳಲು ಬರುವುದು ಕಡಿಮೆ, ಬಂದರೂ ಬೇರೆಯದನ್ನು ಕೇಳುತ್ತಾರೆ. ಒಬ್ಬ ಬೆನ್ನು ಹತ್ತಿದ್ದಾನೆ, ಫೋಟೋ ಕೇಳುತ್ತಿದ್ದಾನೆ ಎಂದು. "ಬ್ಲಾಕ್ ಮಾಡು" ಎಂದು ಒಂದೇ ಮಾತಿನಲ್ಲಿ ಕಳುಹಿಸಬೇಡಿ. ಬ್ಲಾಕ್ ಮಾಡುವ ಮೊದಲು ಅವನ ಮಾತುಗಳ, ಹೆಸರಿನ ಚಿತ್ರ ತೆಗೆದಿಟ್ಟುಕೊಳ್ಳಲಿ, ಆಮೇಲೆ ಆಟದೊಳಗೇ ದೂರು ಕೊಡಲಿ. ಅವಳು ನಂಬುವ ಒಬ್ಬ ಹಿರಿಯರು ಯಾರೆಂದು ಅವಳನ್ನೇ ಕೇಳಿ, ಅವರ ಹತ್ತಿರ ಹೋಗಲಿ. ಮಕ್ಕಳ ಸಹಾಯವಾಣಿ 1098 ಇದೆ. ನೀವಾಗಿ ಆ ಅಪರಿಚಿತನ ಜತೆ ಜಗಳಕ್ಕೆ ಇಳಿಯಬೇಡಿ. ಅವನು ಹೆಸರು ಬದಲಿಸಿಕೊಂಡು ಬರುತ್ತಾನೆ, ಪುರಾವೆ ಅಳಿಸಿಹೋಗಿರುತ್ತದೆ.

ಮಾಲೂರಿನ ಆ ಹುಡುಗ ಈಗ ಪಿಯುಸಿಯಲ್ಲಿದ್ದಾನೆ. ನೋಟುಪುಸ್ತಕ ನೋಡಿಕೊಂಡು ಮನೆಯನ್ನು ಮತ್ತೆ ಕಟ್ಟಲು ತೊಡಗಿದ್ದ. ಪಡಸಾಲೆಯಿಂದ ಬಾವಿಗೆ ಎಷ್ಟು ಹೆಜ್ಜೆ ಎಂಬ ಒಂದು ಸಾಲು ನೀರು ತಾಗಿ ಅಳಿಸಿಹೋಗಿತ್ತಂತೆ. ಅಜ್ಜಿಯನ್ನು ಕೇಳಿದ. ಅವರು ಎದ್ದು, ಹೊಸ ಮನೆಯ ಸಿಮೆಂಟಿನ ನೆಲದ ಮೇಲೆ ಕೊಡ ಹೊತ್ತವರ ಹಾಗೆ ನಡೆದು ತೋರಿಸಿದರಂತೆ. ಹನ್ನೊಂದು.