ಹೆಸರಿನ ಹಿಂದೆ ಬಂದ ಊರು

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಎಂಟನೇ ತರಗತಿಯಲ್ಲಿ ನಾವು ಮೂವರು ಗಣಪತಿ ನಾಯ್ಕರಿದ್ದೆವು. ಹಾಜರಿ ಕರೆದರೆ ಮೂವರೂ ಒಟ್ಟಿಗೇ ಎದ್ದು ನಿಲ್ಲುತ್ತಿದ್ದೆವು. ಕೊನೆಗೆ ಮಾಸ್ತರರೇ ಒಂದು ಉಪಾಯ ಮಾಡಿದರು: ಕರ್ಕಿ ಗಣಪತಿ, ಹಳದೀಪುರ ಗಣಪತಿ, ಕಾಸರಕೋಡ ಗಣಪತಿ. ನಾನು ಕರ್ಕಿ ಗಣಪತಿ.

ಮುಂದೆ ಬಿ.ಇ. ಮುಗಿಸಿ, ಕಂಪನಿ ಕೆಲಸದ ಮೇಲೆ ಜರ್ಮನಿಗೆ ಹೋದೆ. ಅಲ್ಲಿ ಮ್ಯುಲರ್ ಎಂಬ ಸಹೋದ್ಯೋಗಿ, ತನ್ನ ಅಡ್ಡಹೆಸರಿಗೆ ಹಿಟ್ಟಿನ ಗಿರಣಿಯವ ಎಂಬ ಅರ್ಥವಿದೆ ಎಂದ. ನಾಯ್ಕ ಎಂದರೆ ನಾಯಕ ಎಂದೆ. ‘ನಿಮ್ಮೂರಿನಲ್ಲಿ ಎಷ್ಟು ನಾಯಕರಿದ್ದಾರೆ?’ ಎಂದು ಕೇಳಿದ. ‘ಅರ್ಧ ಊರು’ ಎಂದೆ!

ಅಂದಿನಿಂದ ನಮ್ಮ ಕಡೆಯ ಹೆಸರುಗಳ ಮೇಲೆ ನನಗೆ ಆಸಕ್ತಿ ಹುಟ್ಟಿತು. ಭಟ್ಕಳದ ನವಾಯತರಲ್ಲಿ ಶಾಬಂದರಿ ಎಂಬ ಮನೆತನವಿದೆ. ಪಾರ್ಸಿಯಲ್ಲಿ ಶಾಬಂದರ್ ಎಂದರೆ ಬಂದರಿನ ಅಧಿಕಾರಿ. ಹೊನ್ನಾವರದ ಫರ್ನಾಂಡಿಸ್ ಪೋರ್ಚುಗೀಸರೊಂದಿಗೆ ಬಂದ ಹೆಸರು. ಕಾಯ್ಕಿಣಿ ಭಟ್ಕಳ ತಾಲೂಕಿನ ಒಂದು ಹಳ್ಳಿ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ, ಓದಿಗೆ, ನೌಕರಿಗೆ ಮುಂಬಯಿಯ ದಾರಿ ಹಿಡಿಯುವವರು ಹೆಚ್ಚಾದರು. ಹಾಗೆ ಹೋದವರ ಜೊತೆ ಊರ ಹೆಸರೂ ಹೋಯಿತು. 1906ರಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಮುಂಬಯಿಯಲ್ಲಿ ಸಹಕಾರಿ ಸಂಘ ಕಟ್ಟಿದಾಗ ಅದಕ್ಕೆ ತಮ್ಮ ಗುರು ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿಟ್ಟರು. ಅದೇ ಮುಂದೆ ಶಾಮರಾವ್ ವಿಠಲ ಬ್ಯಾಂಕ್ ಎನಿಸಿತು. ಆ ಹೆಸರಿನಲ್ಲಿ ಊರು ಬಿಟ್ಟುಹೋಗಿದೆ, ಗುರು ಉಳಿದಿದ್ದಾರೆ. ಶಿಷ್ಯನೊಬ್ಬ ಗುರುವಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಕೊಡಬಲ್ಲನೇ?

ಈಗ ನನ್ನದೊಂದು ತಪ್ಪನ್ನೂ ಹೇಳಬೇಕು. ಒಮ್ಮೆ ಆನ್‌ಲೈನ್ ಅರ್ಜಿಯೊಂದನ್ನು ಸಿದ್ಧಪಡಿಸುವಾಗ ಅಡ್ಡಹೆಸರನ್ನು ಕಡ್ಡಾಯ ಮಾಡಿದ್ದೆ. ಪರೀಕ್ಷೆಗೆಂದು ನನ್ನ ಅಜ್ಜಿಯ ಹೆಸರು ಹಾಕಿದೆ. ಅವಳ ಕಾರ್ಡಿನಲ್ಲಿ ಇರುವುದು ‘ಮಾದೇವಿ’ ಅಷ್ಟೇ. ‘ಮಾಹಿತಿ ಅಪೂರ್ಣ’ ಎಂದು ಕೆಂಪಕ್ಷರ ಬಂತು. ಹೊನ್ನಾವರದ ಸಂತೆಯಲ್ಲಿ ತರಕಾರಿ ಮಾರಿ ನನ್ನ ಫೀಸು ಕಟ್ಟಿದವಳು ಅಪೂರ್ಣಳೇ? ಆ ನಿಯಮವನ್ನು ಅಂದೇ ತೆಗೆದೆ. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ.

ರಜೆಗೆ ಬಂದಾಗ ಕೇಳಿದೆ, ‘ಅಜ್ಜಿ, ನಿನ್ನ ತವರು ಯಾವುದು?’

‘ಮಂಕಿ. ಮೂವತ್ತು ವರ್ಷ ಆಯ್ತಲ್ಲ ಮಗಾ ನಿಂಗೆ, ಈಗ ಕೇಳ್ತೆ?’ ಎಂದು ನಕ್ಕಳು.

ಗಂಡಸರ ಊರು ಹೆಸರಿನಲ್ಲಿ ಉಳಿಯುತ್ತದೆ. ಮದುವೆಯಾಗಿ ಬಂದ ಹೆಂಗಸರ ಊರನ್ನು ಯಾರೂ ಬರೆದಿಡುವುದಿಲ್ಲ. ವಿದ್ಯಾರ್ಥಿಗಳೇ, ಇಂದು ಮನೆಗೆ ಹೋದವರೇ ಅಜ್ಜಿಯ ತವರೂರನ್ನು ಕೇಳಿ, ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ನನ್ನಷ್ಟು ತಡ ಮಾಡಬೇಡಿ.

ನನಗೆ ಕರ್ಕಿ ಗಣಪತಿ ಎಂದು ಹೆಸರಿಟ್ಟ ಮಾಸ್ತರರಿಗೆ, ಈ ಶಾಲೆಗೆ ನನ್ನ ಪ್ರಣಾಮಗಳು.