ಐದು ಹೊತ್ತಿನ ಪಾಠ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ಸಮಯದ ಬೆಲೆ’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತನಾಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದರು. ಸಮಯದ ಬಗ್ಗೆ ನಾನು ಕಲಿತದ್ದು ಎರಡು ಕಡೆ. ಒಂದು, ಈ ಶಾಲೆಯ ವರಾಂಡದಲ್ಲಿ ನೇತಾಡುವ ಕಬ್ಬಿಣದ ತುಂಡಿನಿಂದ. ಅದರ ಮೇಲೆ ಸುತ್ತಿಗೆ ಬಿದ್ದರೆ ಗಣಿತ ಮುಗಿದು ಕನ್ನಡ ಶುರು. ಇನ್ನೊಂದು, ನಮ್ಮ ಮನೆಯ ಐದು ಹೊತ್ತಿನ ನಮಾಜಿನಿಂದ. ಮೊದಲನೆಯದು ನಿಮಗೆಲ್ಲ ಗೊತ್ತು. ಎರಡನೆಯದನ್ನು ನಿಮ್ಮಲ್ಲಿ ಬಹಳ ಜನ ದೂರದಿಂದ ಬಲ್ಲಿರಿ. ಬೆಳಗಿನ ಅಜಾನ್ ಕೇಳಿ ಎದ್ದು ಒಲೆ ಹಚ್ಚಿದ ತಾಯಂದಿರೂ ಇಲ್ಲಿದ್ದೀರಿ. ನಾನು ಬಿ.ಇ. ಓದಿದವನು, ಮೌಲ್ವಿಯಲ್ಲ. ಧರ್ಮಬೋಧೆ ಮಾಡಲು ನಿಂತಿಲ್ಲ. ನಮಾಜು ಮಾಡುವವನಿಗೆ ಸಮಯ ಹೇಗೆ ಕಾಣುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ನಮಾಜಿನ ಹೊತ್ತನ್ನು ಗೊತ್ತು ಮಾಡುವವನು ಸೂರ್ಯ. ಮೂಡಣದಲ್ಲಿ ಬೆಳಕು ಅಡ್ಡಲಾಗಿ ಹರಡಿದಾಗಿನಿಂದ ಸೂರ್ಯ ಹುಟ್ಟುವ ತನಕ ಫಜ್ರ್. ಸೂರ್ಯ ನೆತ್ತಿಯಿಂದ ವಾಲಿದ ಮೇಲೆ ಜುಹರ್. ನೆರಳು ಉದ್ದವಾದಾಗ ಅಸರ್. ಸೂರ್ಯ ಮುಳುಗಿದ ಕೂಡಲೇ ಮಗ್ರಿಬ್. ಸಂಜೆಯ ಬೆಳಕು ಕರಗಿದ ಮೇಲೆ ಇಶಾ. ಗಡಿಯಾರದಲ್ಲಿ 12 ಹೊಡೆದಾಗ ಬೆಂಗಳೂರಿನಲ್ಲಿ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ಬೆಂಗಳೂರು ಅದರ ಪಶ್ಚಿಮಕ್ಕಿದೆ. ಮಂಗಳೂರು ಇನ್ನೂ ಪಶ್ಚಿಮಕ್ಕಿರುವುದರಿಂದ ಅಲ್ಲಿನ ಜುಹರ್ ಬೆಂಗಳೂರಿಗಿಂತ ಸುಮಾರು 11 ನಿಮಿಷ ತಡ. ಒಂಬತ್ತನೇ ತರಗತಿಯ ಮಕ್ಕಳು ಈ ಮೈದಾನದಲ್ಲೇ ಒಂದು ಕೋಲು ನೆಟ್ಟು ನೆರಳು ಅಳೆದು ನೋಡಬಹುದು. ಹಿಂದೆ ದೊಡ್ಡ ಮಸೀದಿಗಳಲ್ಲಿ ಈ ಲೆಕ್ಕ ಹಾಕುವುದಕ್ಕೆಂದೇ ವಿದ್ವಾಂಸರಿರುತ್ತಿದ್ದರು. 14ನೇ ಶತಮಾನದಲ್ಲಿ ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ಆ ಕೆಲಸದಲ್ಲಿದ್ದ ಇಬ್ನ್ ಅಲ್-ಶಾತಿರ್ ಹೆಸರಾಂತ ಖಗೋಳ ವಿಜ್ಞಾನಿ.

ಇದರಲ್ಲಿ ನನಗೆ ಕಾಣುವ ಪಾಠ ಒಂದು. ಆಫೀಸಿನ ಮೀಟಿಂಗನ್ನು ಮುಂದೆ ಹಾಕಬಹುದು, ಸೂರ್ಯಾಸ್ತವನ್ನು ಮುಂದೆ ಹಾಕಲು ಬರುವುದಿಲ್ಲ. ಕೆಲಸ ಮುಗಿದ ಮೇಲೆ ನಿಲ್ಲುತ್ತೇನೆ ಎಂದರೆ ಯಾರೂ ಎಂದಿಗೂ ನಿಲ್ಲುವುದಿಲ್ಲ. ಕೆಲಸದ ನಡುವೆಯೇ ನಿಲ್ಲುವುದನ್ನು ಕಲಿಯಬೇಕು.

ನನ್ನ ತಂದೆ ಬಸ್ ನಿಲ್ದಾಣದ ಬಳಿ ಟೈಲರ್ ಅಂಗಡಿ ಇಟ್ಟಿದ್ದರು. ನಿಮ್ಮಲ್ಲಿ ಎಷ್ಟೋ ಜನರ ಯೂನಿಫಾರ್ಮು ಅವರೇ ಹೊಲಿದದ್ದು. ಜೂನ್ ಬಂತೆಂದರೆ ಅಂಗಡಿ ತುಂಬ ನೀಲಿ ಬಟ್ಟೆ, ಬಾಗಿಲ ತುಂಬ ಗಿರಾಕಿಗಳು. ಅಷ್ಟು ಗಡಿಬಿಡಿಯಲ್ಲೂ ಅಸರ್ ಅಜಾನ್ ಆದರೆ ಮಿಷನ್ ನಿಲ್ಲುತ್ತಿತ್ತು. ಏಳುವ ಮುಂಚೆ ಅಪ್ಪ ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿಯನ್ನು ಬಟ್ಟೆಯೊಳಗೆ ಇಳಿಸಿಬಿಡುತ್ತಿದ್ದರು. ಸೂಜಿ ಮೇಲಿದ್ದರೆ ಬಟ್ಟೆ ಜಾರುತ್ತದೆ, ಹೊಲಿಗೆ ಸೊಟ್ಟಗಾಗುತ್ತದೆ. ಬಂದು ಕೂತರೆ ನಿಂತಲ್ಲಿಂದಲೇ ಹೊಲಿಗೆ ಮುಂದಕ್ಕೆ. ಕಂಪ್ಯೂಟರ್ ಕೂಡ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವ ಮುನ್ನ ಎಲ್ಲಿಗೆ ನಿಂತಿದ್ದೆ ಎಂದು ಗುರುತಿಟ್ಟುಕೊಳ್ಳುತ್ತದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಆ ಪಾಠ ಮಾಡಿದಾಗ ನನಗೆ ಹೊಸದೆನಿಸಲಿಲ್ಲ.

ನಿಲ್ಲುವುದು ಅರ್ಧ ಕೆಲಸ. ನಿಂತ ಮೇಲೆ ಮನಸ್ಸು ಎಲ್ಲಿರಬೇಕು ಎಂಬುದು ಇನ್ನರ್ಧ. ನಮಾಜಿಗೆ ಮೊದಲು ವುಜೂ ಮಾಡುತ್ತೇವೆ. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಿಂದ ತಲೆ ಸವರುವುದು, ಕೊನೆಗೆ ಪಾದ. ನೀರು ಮುಟ್ಟಿದ ಕಡೆಗೆಲ್ಲ ಗಮನ ಹೋಗುತ್ತದೆ. ಆಮೇಲೆ ನಿಯತ್ತು. ‘ನಿಯತ್ತಿನ ಮನುಷ್ಯ’ ಎಂದು ನಾವೆಲ್ಲ ಕನ್ನಡದಲ್ಲಿ ಹೇಳುತ್ತೇವಲ್ಲ, ಅದೇ ಪದ. ಈಗ ಏನು ಮಾಡಲು ನಿಂತಿದ್ದೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳುವುದು.

ಹೀಗಿದ್ದರೂ ಮನಸ್ಸು ಓಡುತ್ತದೆ. ಅದನ್ನು ಬಲ್ಲವರೇ ಹೇಳಿದ ಮಾತುಗಳು ಹದೀಸಿನಲ್ಲಿವೆ. ಒಬ್ಬಾತ ಮಸೀದಿಯಲ್ಲಿ ಅವಸರ ಅವಸರವಾಗಿ ನಮಾಜು ಮುಗಿಸಿ ಬಂದ. ಅದು ನಮಾಜೇ ಆಗಲಿಲ್ಲ, ಮತ್ತೆ ಮಾಡು ಎಂದು ಪ್ರವಾದಿಯವರು ಮೂರು ಸಲ ಅವನನ್ನು ಕಳಿಸಿದರು. ಬಳಿಕ, ಬಾಗಿದಾಗ ಬಾಗಿದಲ್ಲಿ, ಎದ್ದಾಗ ಎದ್ದಲ್ಲಿ ಮೈ ನೆಲೆಗೊಳ್ಳಲಿ ಎಂದು ಕಲಿಸಿದರು. ಊಟ ಬಡಿಸಿದ್ದರೆ ಮೊದಲು ಉಣ್ಣಿರಿ ಎಂದೂ ಹೇಳಿದ್ದಾರೆ. ಹಸಿದ ಹೊಟ್ಟೆಯ ಧ್ಯಾನ ಅನ್ನದ ಮೇಲೆಯೇ ಅಲ್ಲವೇ? ಇನ್ನೊಂದು ನನಗೆ ಬಹಳ ಇಷ್ಟ. ದೀರ್ಘವಾಗಿ ನಮಾಜು ಮಾಡಿಸಬೇಕೆಂದು ನಿಂತ ಪ್ರವಾದಿಯವರು ಹಿಂದೆ ಮಗು ಅಳುವುದು ಕೇಳಿದರೆ, ಅದರ ತಾಯಿಯ ಸಂಕಟ ನೆನೆದು ಬೇಗ ಮುಗಿಸುತ್ತಿದ್ದರಂತೆ. ಏಕಾಗ್ರತೆ ಎಂದರೆ ಕಿವಿ ಮುಚ್ಚಿಕೊಳ್ಳುವುದಲ್ಲ ಎಂದು ನಾನು ತಿಳಿದದ್ದು ಇದರಿಂದ.

ಈಗ ಕಂಪನಿಗಳಲ್ಲಿ ‘ಮೈಂಡ್‌ಫುಲ್‌ನೆಸ್’ ಎಂದು ತರಬೇತಿ ಕೊಡುತ್ತಾರೆ. ಇರುವ ಕ್ಷಣದಲ್ಲಿ ಇರಿ, ಉಸಿರನ್ನು ಗಮನಿಸಿ ಎನ್ನುತ್ತಾರೆ. ಒಳ್ಳೆಯದೇ. ನಮ್ಮ ಹಿರಿಯರು ಯಾವ ತರಬೇತಿಗೂ ಹೋಗದೆ ಅದನ್ನು ದಿನಚರಿಯಲ್ಲಿ ಇಟ್ಟುಕೊಂಡಿದ್ದರು. ಸಂಧ್ಯಾವಂದನೆ ಮಾಡುವವರು, ಇಷ್ಟಲಿಂಗ ಪೂಜೆ ಮಾಡುವವರು ಇಲ್ಲಿದ್ದೀರಿ. ನಾನು ಹೇಳುವುದು ನಿಮಗೆ ಬೇಗ ಅರ್ಥವಾಗುತ್ತದೆ. ಐದೂ ಹೊತ್ತಿನ ಕಡ್ಡಾಯ ನಮಾಜು ಒಟ್ಟು 17 ರಕಾತ್. ದಿನದ 1440 ನಿಮಿಷಗಳಲ್ಲಿ ಅದಕ್ಕೆ ಒಂದು ಗಂಟೆಯೂ ಬೇಕಾಗುವುದಿಲ್ಲ. ಆದರೆ ಆ ಸ್ವಲ್ಪ ಹೊತ್ತು ಉಳಿದ ಇಡೀ ದಿನಕ್ಕೆ ಗಂಟು ಹಾಕಿ ಹಿಡಿದಿಡುತ್ತದೆ.

ಕಡೆಯ ವರ್ಷ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಮಿಷನ್ ತುಳಿಯುವ ಕಾಲು ಹೋಯಿತು. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ತಲೆಯ ಸನ್ನೆಯಲ್ಲೇ ನಮಾಜು ಮಾಡಬಹುದು. ಅವರು ಮೊದಲು ಕುರ್ಚಿಯ ಮೇಲೆ, ಆಮೇಲೆ ಹಾಸಿಗೆಯ ಮೇಲೆ ಮಾಡಿದರು. ನಾನು ಮನೆಯಿಂದಲೇ ಕೆಲಸ ಮಾಡುತ್ತ ಪಕ್ಕದಲ್ಲಿರುತ್ತಿದ್ದೆ. ಅಂಗಡಿ ಇಲ್ಲ, ಗಿರಾಕಿ ಇಲ್ಲ, ಹೋಗಬೇಕಾದ ಊರಿಲ್ಲ. ಆದರೂ ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದಾಗ ತೊದಲು ಮಾತಿನಲ್ಲಿ, “ಅಸರ್ ಆಯ್ತೇನಪ್ಪಾ?” ಎಂದು ಕೇಳುತ್ತಿದ್ದರು. ಕಾಯಿಲೆಯವರಿಗೆ ದಿನವೆಲ್ಲ ಒಂದೇ ಆಗಿಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅಪ್ಪನಿಗೆ ಕೊನೆಯ ತನಕ ಬೆಳಗು ಬೆಳಗಾಗಿಯೇ, ಸಂಜೆ ಸಂಜೆಯಾಗಿಯೇ ಉಳಿಯಿತು. ಮೈಯಲ್ಲಿ ಉಳಿದದ್ದು ಕಣ್ಣು ಮತ್ತು ಬೆರಳು ಮಾತ್ರ, ಸಮಯ ಮಾತ್ರ ಅವರದೇ ಆಗಿತ್ತು. ಸಮಯದ ಬೆಲೆ ಏನೆಂದು ಕೇಳಿದರೆ ನನ್ನ ಹತ್ತಿರ ಇರುವ ಉತ್ತರ ಇದು.

ಅರಬಿಯಲ್ಲಿ ‘ಅಸರ್’ ಎಂಬ ಪದಕ್ಕೆ ಇಳಿಹೊತ್ತು ಎಂದೂ ಕಾಲ ಎಂದೂ ಅರ್ಥವಿದೆ. ಕುರ್‌ಆನಿನ 103ನೇ ಅಧ್ಯಾಯದ ಹೆಸರೂ ಅದೇ. ಬಹಳ ಚಿಕ್ಕ ಅಧ್ಯಾಯ. ಕಾಲ ಸೋರಿಹೋಗುವಾಗ ಮನುಷ್ಯ ಕಳೆದುಕೊಳ್ಳುತ್ತಲೇ ಇರುತ್ತಾನೆ, ನಂಬಿಕೆ, ಸತ್ಕಾರ್ಯ, ಒಬ್ಬರಿಗೊಬ್ಬರು ಸತ್ಯ ಮತ್ತು ತಾಳ್ಮೆಯ ಮಾತು ಹೇಳುವುದು, ಇವಿದ್ದವರು ಉಳಿಯುತ್ತಾರೆ ಎಂಬುದು ಅದರ ತಾತ್ಪರ್ಯ.

ವಿದ್ಯಾರ್ಥಿಗಳೇ, ನೀವು ಯಾವ ದೇವರನ್ನಾದರೂ ನಂಬಿ. ದಿನಕ್ಕೆ ಐದು ಸಲ ಅಲ್ಲದಿದ್ದರೆ ಎರಡು ಸಲವಾದರೂ ಹೊತ್ತು ಗೊತ್ತು ಮಾಡಿ, ಮೊಬೈಲ್ ದೂರವಿಟ್ಟು, ಕೈಯಲ್ಲಿರುವ ಕೆಲಸಕ್ಕೆ ಗುರುತಿಟ್ಟು ನಿಲ್ಲಿ. ಓದುವಾಗ ಓದಿನಲ್ಲಿ, ಆಡುವಾಗ ಆಟದಲ್ಲಿ, ಮನೆಯವರು ಮಾತಾಡಿಸಿದಾಗ ಅವರ ಮುಖದ ಮೇಲೆ ನಿಮ್ಮ ಗಮನ ಇರಲಿ. ಪರೀಕ್ಷೆಯ ಅಂಕಕ್ಕಿಂತ ಹೆಚ್ಚು ದಿನ ಇದು ನಿಮ್ಮ ಕೈಹಿಡಿಯುತ್ತದೆ.